ಏಳನೆಯ ಅಂಗದ ಪರೀಕ್ಷೆ: ನಿಜಾಮ–ಕಂಪನಿ ಸೇನಾ ಮೈತ್ರಿಯ ಫಲಾಫಲ ವಿವೇಚನೆ

೧

ಪ್ರಾಚೀನ ಭಾರತದ ರಾಜನೀತಿ ಗ್ರಂಥಗಳು ರಾಜ್ಯವನ್ನು ಏಳು ಅಂಗಗಳ ಸಮುದಾಯವೆಂದು ಗ್ರಹಿಸಿವೆ. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬುದು ಕೌಟಿಲ್ಯನು ಹೇಳುವ ಕ್ರಮ. ಇವುಗಳಲ್ಲಿ ಮೊದಲ ಆರು ರಾಜ್ಯದ ಒಳಗೇ ಇರುವಂಥವು. ಏಳನೆಯದಾದ ಮಿತ್ರವೊಂದೇ ರಾಜ್ಯದ ಹೊರಗಿನದು. ಹೊರಗಿರುವ ಒಂದು ಶಕ್ತಿಯನ್ನು ರಾಜ್ಯದ ಅಂಗವೆಂದೇ ಕರೆದಿರುವುದು ಗಮನಾರ್ಹವಾದ ಸಂಗತಿ. ಮಿತ್ರನಿಲ್ಲದೆ ರಾಜ್ಯವು ಪೂರ್ಣವಾಗದು ಎಂಬುದು ಇದರ ಒಂದು ಅರ್ಥ. ಅಂಗವಾದುದು ಉಳಿದ ಅಂಗಗಳಿಗೆ ಪೋಷಕವಾಗಿರಬೇಕು ಎಂಬುದು ಅದರಲ್ಲೇ ಅಡಗಿರುವ ಇನ್ನೊಂದು ಅರ್ಥ.

ಕನ್ನಡ ನಾಡಿನ ಆಡಳಿತ ಪರಂಪರೆಗೆ ಈ ವಿಚಾರ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ‘ಸಂಧಿವಿಗ್ರಹಿ’ ಎಂಬ ಅಧಿಕಾರಿಯ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ‘ಹೆರಿಲಾಳಕನ್ನಡ ಸಂಧಿವಿಗ್ರಹಿ’ ಎಂಬ ಪದವಿಯೂ ಅವುಗಳಲ್ಲಿ ಕಾಣಸಿಗುತ್ತದೆ. ಸ್ನೇಹ ಮಾಡುವ ಕೆಲಸವನ್ನೂ ಹಗೆ ಸಾಧಿಸುವ ಕೆಲಸವನ್ನೂ ಒಬ್ಬನೇ ಅಧಿಕಾರಿಗೆ ವಹಿಸಿದುದರಲ್ಲಿ ಅಂದಿನ ರಾಜನೀತಿಯ ಎಚ್ಚರ ವ್ಯಕ್ತವಾಗುತ್ತದೆ. ಕನ್ನಡದಲ್ಲಿ ಪಂಚತಂತ್ರವನ್ನು ರಚಿಸಿದ ದುರ್ಗಸಿಂಹನು ಇಮ್ಮಡಿ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯೇ ಆಗಿದ್ದನು. ವಸುಭಾಗನ ಪರಂಪರೆಯನ್ನು ಅನುಸರಿಸಿದ ಆ ಕೃತಿಯ ಐದು ತಂತ್ರಗಳ ಹೆಸರುಗಳೇ ಒಂದು ಪಾಠದಂತಿವೆ: ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ. ಇಲ್ಲಿ ವಿಶ್ವಾಸಕ್ಕಿಂತ ಮೊದಲು ಪರೀಕ್ಷೆ ಬರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಮಿತ್ರರಾಷ್ಟ್ರಗಳ ನಡುವಣ ಸೇನಾ ಸಹಕಾರ ಎಷ್ಟರಮಟ್ಟಿಗೆ ಫಲಕಾರಿ ಎಂದು ಅಳೆಯುವುದು ಇಂದಿನ ರಕ್ಷಣಾ ಅಧ್ಯಯನಗಳ ಒಂದು ಮುಖ್ಯ ಪ್ರಶ್ನೆಯಾಗಿದೆ. ಎಷ್ಟು ಶಸ್ತ್ರಗಳನ್ನು ಕೊಡಲಾಯಿತು, ಎಷ್ಟು ಸೈನಿಕರಿಗೆ ತರಬೇತಿಯಾಯಿತು, ಎಷ್ಟು ಜಂಟಿ ಕವಾಯತುಗಳು ನಡೆದವು ಎಂಬ ಲೆಕ್ಕ ಸುಲಭವಾಗಿ ದೊರೆಯುತ್ತದೆ. ಇವೆಲ್ಲ ಹೂಡಿದ ಬಂಡವಾಳದ ಲೆಕ್ಕಗಳೇ ಹೊರತು ಫಲದ ಲೆಕ್ಕಗಳಲ್ಲ. ಫಲವನ್ನು ಅಳೆಯಲು ಸಪ್ತಾಂಗದ ಕಲ್ಪನೆ ಒಂದು ಮಾನದಂಡವನ್ನು ಒದಗಿಸುತ್ತದೆ. ಏಳನೆಯ ಅಂಗವು ಸೇರಿದ ಮೇಲೆ ಉಳಿದ ಆರು ಅಂಗಗಳು ಬಲಿತವೇ, ಸೊರಗಿದವೇ ಎಂದು ಕೇಳುವುದೇ ಆ ಮಾನದಂಡ. ಹೈದರಾಬಾದಿನ ನಿಜಾಮರಿಗೂ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಗೂ ೧೭೯೮ ಮತ್ತು ೧೮೦೦ರಲ್ಲಿ ಆದ ಒಪ್ಪಂದಗಳನ್ನೂ ಅವುಗಳ ದೀರ್ಘ ಪರಿಣಾಮವನ್ನೂ ಈ ಮಾನದಂಡದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಮೈತ್ರಿಯ ಬೆಲೆಯಲ್ಲಿ ಬಹುಭಾಗವನ್ನು ತೆತ್ತದ್ದು ಕನ್ನಡ ನೆಲವಾದುದರಿಂದ ಕನ್ನಡ ಅಧ್ಯಯನಕ್ಕೂ ಈ ವಿಷಯ ಹೊರತಾದುದಲ್ಲ.

೨

ಈ ಚರಿತ್ರೆಯ ಕುರುಹುಗಳು ಹೈದರಾಬಾದ್ ನಗರದ ಈಶಾನ್ಯ ಅಂಚಿನ ಕುಷಾಯಿಗೂಡದ ಸುತ್ತಮುತ್ತಲಲ್ಲೇ ಹರಡಿಕೊಂಡಿವೆ. ಕುಷಾಯಿಗೂಡಕ್ಕೆ ಸಮೀಪದ ಮೌಲಾಲಿ ಬೆಟ್ಟದ ಬುಡದಲ್ಲಿ ಉರ್ದು ಕವಯಿತ್ರಿ ಮಹಲಖಾ ಬಾಯಿ ಚಂದಾಳ (೧೭೬೮–೧೮೨೪) ಸಮಾಧಿ ಇದೆ. ಕಂಪನಿಯ ಪರವಾಗಿ ಹೈದರಾಬಾದಿನ ರೆಸಿಡೆನ್ಸಿಯಲ್ಲಿ ಕೆಲಸ ಮಾಡಿದ್ದ ಜಾನ್ ಮಾಲ್ಕಮನಿಗೆ ೧೭೯೯ರಲ್ಲಿ ಆಕೆ ತನ್ನ ದಿವಾನಿನ ಪ್ರತಿಯನ್ನು ಕಾಣಿಕೆಯಾಗಿ ಕೊಟ್ಟಳು. ಹೊಸ ಮೈತ್ರಿ ಆಸ್ಥಾನದ ಸಾಂಸ್ಕೃತಿಕ ಬದುಕನ್ನೂ ಪ್ರವೇಶಿಸಿದ್ದಿತು ಎಂಬುದಕ್ಕೆ ಇದು ನಿದರ್ಶನ. ಕುಷಾಯಿಗೂಡದ ಪಶ್ಚಿಮಕ್ಕೆ ಸಿಕಂದರಾಬಾದಿನ ದಂಡು ಪ್ರದೇಶವಿದೆ; ಮೂರನೆಯ ಆಸಫ್ ಜಾ ಆದ ಸಿಕಂದರ್ ಜಾನ ಹೆಸರನ್ನು ಅದಕ್ಕೆ ೧೮೦೬ರಲ್ಲಿ ಇಡಲಾಯಿತು. ವಾಯವ್ಯಕ್ಕಿರುವ ಬೊಲ್ಲಾರಂ ಹೈದರಾಬಾದ್ ಕಂಟಿಂಜೆಂಟಿನ ಮುಖ್ಯ ನೆಲೆಯಾಗಿತ್ತು. ಒಂದು ರಾಜಧಾನಿಯ ಮಗ್ಗುಲಲ್ಲೇ ಎರಡು ಬೇರೆ ಬೇರೆ ಸೈನ್ಯಗಳು ಬೀಡುಬಿಟ್ಟದ್ದು ಹೇಗೆ ಎಂಬುದನ್ನು ತಿಳಿಯಲು ಒಪ್ಪಂದಗಳ ಪೂರ್ವಭೂಮಿಕೆಯನ್ನು ನೋಡಬೇಕು.

ನಿಜಾಮ್ ಅಲಿ ಖಾನನ (೧೭೬೨–೧೮೦೩) ರಾಜ್ಯವು ಮರಾಠರು, ಮೈಸೂರು ಮತ್ತು ಕಂಪನಿ ಎಂಬ ಮೂರು ಶಕ್ತಿಗಳ ನಡುವೆ ಸಿಲುಕಿತ್ತು. ೧೭೬೬ರಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ ನಿಜಾಮನು ಮರುವರ್ಷವೇ ಹೈದರಾಲಿಯ ಪಕ್ಷ ಸೇರಿ, ೧೭೬೮ರಲ್ಲಿ ಮತ್ತೆ ಕಂಪನಿಯೊಡನೆ ಸಂಧಿ ಮಾಡಿಕೊಂಡನು. ೧೭೯೦ರಲ್ಲಿ ಟಿಪ್ಪುವಿನ ವಿರುದ್ಧ ಕಂಪನಿ, ನಿಜಾಮ ಮತ್ತು ಮರಾಠರ ತ್ರಿಕೂಟ ಏರ್ಪಟ್ಟಿತು. ನಿಜಾಮನ ಸೇನೆಯೂ ಕಂಪನಿಯ ತುಕಡಿಯೂ ಕೂಡಿ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ೧೭೯೧ರಲ್ಲಿ ಕೊಪ್ಪಳದ ಕೋಟೆಯನ್ನು ವಶಪಡಿಸಿಕೊಂಡವು. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ತನ್ನ ಅರ್ಧ ರಾಜ್ಯವನ್ನು ಕಳೆದುಕೊಂಡನು. ಅದರಲ್ಲೊಂದು ಪಾಲು ನಿಜಾಮನಿಗೆ ಬಂದಿತು. ಅಲ್ಲಿಯವರೆಗಿನ ಲೆಕ್ಕದಲ್ಲಿ ಮೈತ್ರಿ ಲಾಭದಾಯಕವೇ ಆಗಿತ್ತು.

೧೭೯೫ರ ಮಾರ್ಚಿಯಲ್ಲಿ ಲೆಕ್ಕ ಬದಲಾಯಿತು. ಮರಾಠರು ನಿಜಾಮನ ಮೇಲೆ ಏರಿಬಂದಾಗ ಗವರ್ನರ್ ಜನರಲ್ ಸರ್ ಜಾನ್ ಶೋರ್ ತಟಸ್ಥನಾಗಿ ಉಳಿದನು. ಖರ್ಡಾದಲ್ಲಿ ನಿಜಾಮನಿಗೆ ಸೋಲಾಯಿತು. ಮೈತ್ರಿಯಿದ್ದೂ ಸಹಾಯ ದೊರೆಯದ ನಿಜಾಮನು ತನ್ನಲ್ಲಿದ್ದ ಇಂಗ್ಲಿಷ್ ಪಲ್ಟನ್ನುಗಳನ್ನು ಕಳುಹಿಸಿ, ಫ್ರೆಂಚ್ ಅಧಿಕಾರಿ ರೇಮಂಡನ ಪಡೆಯನ್ನು ಬೆಳೆಸಿದನು. ರೇಮಂಡನು ೧೭೯೮ರ ಮಾರ್ಚಿಯಲ್ಲಿ ತೀರಿಕೊಂಡನು. ಅದೇ ವರ್ಷದ ಸೆಪ್ಟೆಂಬರ್ ೧ರಂದು ವೆಲ್ಲೆಸ್ಲಿಯ ಸಹಾಯಕ ಸೈನ್ಯ ಪದ್ಧತಿಯ ಒಪ್ಪಂದಕ್ಕೆ ನಿಜಾಮನು ಒಪ್ಪಿದನು. ಕಂಪನಿಯ ಆರು ಪಲ್ಟನ್ನುಗಳು ಹೈದರಾಬಾದಿನಲ್ಲಿ ನೆಲೆಸತಕ್ಕದ್ದು, ಅವುಗಳ ವೆಚ್ಚಕ್ಕೆ ವರ್ಷಕ್ಕೆ ೨೪,೧೭,೧೦೦ ರೂಪಾಯಿ ಸಲ್ಲತಕ್ಕದ್ದು, ಫ್ರೆಂಚ್ ಪಡೆಯನ್ನು ವಿಸರ್ಜಿಸತಕ್ಕದ್ದು ಎಂಬುದು ಅದರ ಸಾರಾಂಶ. ಅಕ್ಟೋಬರಿನಲ್ಲಿ ಆ ಪಡೆಯ ಶಸ್ತ್ರಗಳನ್ನು ಕಿತ್ತುಕೊಳ್ಳಲಾಯಿತು. ಖರ್ಡಾದ ಅನುಭವದ ಹಿನ್ನೆಲೆಯಲ್ಲಿ ನೋಡಿದರೆ ನಿಜಾಮನ ನಿರ್ಧಾರವನ್ನು ಅವಿವೇಕವೆನ್ನಲಾಗದು. ಕರೆದಾಗ ಬಾರದ ಮಿತ್ರನನ್ನು ಮನೆಯ ಬಾಗಿಲಲ್ಲೇ ಇರಿಸಿಕೊಳ್ಳುವುದು ಅವನ ಉದ್ದೇಶವಾಗಿದ್ದಿತು. ಆ ಮಿತ್ರನ ಸೇನೆ ಯಾರ ಆಜ್ಞೆಯಲ್ಲಿರುತ್ತದೆ ಎಂಬ ಪ್ರಶ್ನೆ ಮಾತ್ರ ಉತ್ತರವಿಲ್ಲದೆ ಉಳಿಯಿತು.

೩

ಜನಪದ ಮತ್ತು ದುರ್ಗ ಎಂಬ ಎರಡು ಅಂಗಗಳನ್ನು ಮೊದಲು ಪರಿಶೀಲಿಸಬಹುದು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ನಿಜಾಮನ ಸೇನೆ ಮೀರ್ ಆಲಂನ ಹೆಸರಿನಲ್ಲಿ ಹೊರಟಿದ್ದರೂ ಅದರೊಡನೆ ಸಾಗಿದ ಪಡೆಯನ್ನು ನಡೆಸಿದವನು ಆರ್ಥರ್ ವೆಲ್ಲೆಸ್ಲಿ. ಈ ಯುದ್ಧದಿಂದಲೂ ನಿಜಾಮನಿಗೆ ಭೂಭಾಗ ಲಭಿಸಿತು. ಆದರೆ ೧೮೦೦ರ ಅಕ್ಟೋಬರ್ ೧೨ರ ಒಪ್ಪಂದದಲ್ಲಿ ಸಹಾಯಕ ಸೈನ್ಯವನ್ನು ಎಂಟು ಪಲ್ಟನ್ನುಗಳಿಗೂ ಎರಡು ಅಶ್ವದಳಗಳಿಗೂ ಏರಿಸಿ, ನಗದು ಹಣದ ಬದಲಾಗಿ, ೧೭೯೨ ಮತ್ತು ೧೭೯೯ರಲ್ಲಿ ಮೈಸೂರಿನಿಂದ ಬಂದಿದ್ದ ಪ್ರದೇಶಗಳನ್ನು ಕಂಪನಿಗೆ ಶಾಶ್ವತವಾಗಿ ಬಿಟ್ಟುಕೊಡಲಾಯಿತು. ಯುದ್ಧದಲ್ಲಿ ಗಳಿಸಿದ ನೆಲವೇ ಒಂದೂವರೆ ವರ್ಷದೊಳಗೆ ಸೈನ್ಯದ ಸಂಬಳವಾಯಿತು. ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನೊಳಗೊಂಡ ಈ ಪ್ರದೇಶಕ್ಕೆ ತೆಲುಗಿನಲ್ಲಿ ‘ದತ್ತಮಂಡಲ’ಗಳೆಂಬ ಹೆಸರು ಬಂದಿತು, ಅದರ ಬಹುಭಾಗಕ್ಕೆ ‘ರಾಯಲಸೀಮೆ’ ಎಂಬ ಹೆಸರು ದೊರೆತದ್ದು ೧೯೨೮ರಲ್ಲಿ. ‘ದತ್ತ’ ಎಂಬ ಶಬ್ದದಲ್ಲಿ ಕೊಡುವವನ ಸ್ವಇಚ್ಛೆಯ ಧ್ವನಿಯಿದೆ. ಆ ನೆಲದ ಜನರ ಇಚ್ಛೆಯನ್ನು ಯಾರೂ ಕೇಳಲಿಲ್ಲ.

ಈ ಒಪ್ಪಂದದ ಆರನೆಯ ಕಲಮು ಕನ್ನಡಿಗರ ದೃಷ್ಟಿಯಿಂದ ವಿಶೇಷವಾಗಿ ಗಮನಿಸತಕ್ಕದ್ದು. ಬಿಟ್ಟುಕೊಟ್ಟ ಪ್ರದೇಶಗಳಲ್ಲಿ ಕೆಲವು ತುಂಗಭದ್ರೆಯ ಉತ್ತರಕ್ಕಿದ್ದವು. ಗಡಿ ಸ್ಪಷ್ಟವಾಗಿರಲೆಂದು ಕೊಪ್ಪಳ ಮೊದಲಾದವನ್ನು ನಿಜಾಮನಿಗೇ ಹಿಂತಿರುಗಿಸಿ, ಅವುಗಳ ಬದಲಿಗೆ ಆದವಾನಿ ಮುಂತಾದವನ್ನು ಕಂಪನಿ ಪಡೆಯಿತು. ಹೀಗೆ ತುಂಗಭದ್ರೆ ಎರಡು ಆಡಳಿತಗಳ ನಡುವಣ ಮೇರೆಯಾಯಿತು. ವಿಜಯನಗರದ ಹಂಪಿ ಒಂದು ಆಡಳಿತಕ್ಕೂ ಎದುರುದಡದ ಆನೆಗೊಂದಿ ಇನ್ನೊಂದು ಆಡಳಿತಕ್ಕೂ ಸೇರಿದವು. ದಕ್ಷಿಣದ ದಡದಲ್ಲಿ ಥಾಮಸ್ ಮನ್ರೋ (೧೮೦೦–೧೮೦೭) ರೈತರೊಡನೆ ನೇರ ಕಂದಾಯದ ವ್ಯವಸ್ಥೆಯನ್ನು ರೂಪಿಸಿದನು. ಉತ್ತರದ ದಡದಲ್ಲಿ ಜಹಗೀರುಗಳು ಮುಂದುವರಿದವು. ಒಂದೆಡೆ ಮದರಾಸಿನ ಕಚೇರಿಯ ಇಂಗ್ಲಿಷ್, ಇನ್ನೊಂದೆಡೆ ಹೈದರಾಬಾದಿನ ಫಾರ್ಸಿ, ಮುಂದೆ ಉರ್ದು, ಆಡಳಿತದ ಭಾಷೆಗಳಾಗಿ ಒಂದೇ ನುಡಿಯ ಜನ ಎರಡು ಬಗೆಯ ಶಿಕ್ಷಣ, ಎರಡು ಬಗೆಯ ಕಾನೂನು, ಎರಡು ಬಗೆಯ ಭೂಸಂಬಂಧಗಳಿಗೆ ಒಳಗಾದರು. ಬಳ್ಳಾರಿ ೧೯೫೩ರ ಅಕ್ಟೋಬರ್ ೧ರಂದು ಮೈಸೂರನ್ನು ಸೇರಿತು. ಕೊಪ್ಪಳವನ್ನೊಳಗೊಂಡ ರಾಯಚೂರು ಜಿಲ್ಲೆ ಸೇರಿದ್ದು ೧೯೫೬ರ ನವೆಂಬರ್ ೧ರಂದು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ೧೯೫೩ರಲ್ಲಿ ಆಂಧ್ರಕ್ಕೆ ಹೋದವು. ಸೇನಾ ವೆಚ್ಚಕ್ಕಾಗಿ ಎಳೆದ ಒಂದು ಗೆರೆಯನ್ನು ಅಳಿಸಲು ಕನ್ನಡ ನಾಡಿಗೆ ಒಂದೂವರೆ ಶತಮಾನ ಹಿಡಿಯಿತು.

೪

ದಂಡ ಮತ್ತು ಕೋಶಗಳ ಸ್ಥಿತಿಯನ್ನು ಒಟ್ಟಿಗೆ ನೋಡುವುದು ಯುಕ್ತ. ೧೮೦೦ರ ಒಪ್ಪಂದದಂತೆ ಯುದ್ಧ ಬಂದಾಗ ನಿಜಾಮನು ತನ್ನ ಸ್ವಂತ ಸೇನೆಯಿಂದ ೬,೦೦೦ ಕಾಲಾಳುಗಳನ್ನೂ ೯,೦೦೦ ಕುದುರೆ ಸವಾರರನ್ನೂ ಒದಗಿಸಬೇಕಾಗಿದ್ದಿತು. ೧೮೦೩ರ ಮರಾಠಾ ಯುದ್ಧದಲ್ಲಿ ಈ ಸೇನೆ ಕಂಪನಿಯ ಸೇನಾನಿಗಳಿಗೆ ತೃಪ್ತಿ ನೀಡಲಿಲ್ಲ. ಮಿತ್ರನ ಸೇನೆ ದುರ್ಬಲವಾಗಿದ್ದರೆ ಅದನ್ನು ಸುಧಾರಿಸಬೇಕು ಎಂಬುದು ಸಹಜವಾದ ತರ್ಕ. ೧೮೧೧ರಿಂದ ೧೮೨೦ರವರೆಗೆ ರೆಸಿಡೆಂಟನಾಗಿದ್ದ ಹೆನ್ರಿ ರಸೆಲನು ಇಂಗ್ಲಿಷ್ ಅಧಿಕಾರಿಗಳ ಕೈಕೆಳಗೆ ಹೊಸ ಪಡೆಯೊಂದನ್ನು ಕಟ್ಟಿಸಿದನು. ‘ರಸೆಲ್ ಬ್ರಿಗೇಡ್’ ಎಂದು ಹೆಸರಾದ ಇದೇ ಮುಂದೆ ಹೈದರಾಬಾದ್ ಕಂಟಿಂಜೆಂಟ್ ಆಗಿ ಬೆಳೆಯಿತು. ಇದರ ಸಂಬಳ ನಿಜಾಮನದು, ಆಜ್ಞೆ ರೆಸಿಡೆಂಟನದು. ಸುಧಾರಣೆಯ ಹೆಸರಿನಲ್ಲಿ ನಡೆದುದು ಸ್ವಂತ ಸೇನೆಯ ಬಲವರ್ಧನೆಯಲ್ಲ. ಅದರ ಬದಲಿಗೆ ಇನ್ನೊಂದು ಸೇನೆಯ ಸ್ಥಾಪನೆ.

೧೮೧೮ರಲ್ಲಿ ಪೇಶ್ವೆಯ ಅಧಿಕಾರ ಕೊನೆಗೊಂಡಿತು. ಮೈಸೂರಿನ ಭಯ ಅದಕ್ಕೂ ಮೊದಲೇ ತೀರಿತ್ತು. ಯಾವ ಅಪಾಯಕ್ಕಾಗಿ ಮೈತ್ರಿ ಹುಟ್ಟಿತೋ ಆ ಅಪಾಯವೇ ಇಲ್ಲವಾದ ಮೇಲೂ ವೆಚ್ಚ ಇಳಿಯಲಿಲ್ಲ. ಕಂಟಿಂಜೆಂಟಿಗೆ ವರ್ಷಕ್ಕೆ ಸುಮಾರು ೪೦ ಲಕ್ಷ ರೂಪಾಯಿ ತಗಲುತ್ತಿತ್ತು. ಈ ಹಣವನ್ನು ಹೊಂದಿಸಲು ಚಂದೂಲಾಲನ ಆಡಳಿತವು ವಿಲಿಯಂ ಪಾಮರ್ ಕಂಪನಿಯಿಂದ ಶೇಕಡ ೨೪ರಷ್ಟು ಬಡ್ಡಿಗೆ ಸಾಲ ಮಾಡಿತು. ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್ಕಾಫನು ಈ ವ್ಯವಹಾರವನ್ನು ಬಯಲಿಗೆಳೆದನು. ಸಾಲ ತೀರಿಸಲು ನಿಜಾಮನು ಉತ್ತರ ಸರ್ಕಾರುಗಳಿಗಾಗಿ ಕಂಪನಿಯಿಂದ ತನಗೆ ಪ್ರತಿವರ್ಷ ಬರಬೇಕಾಗಿದ್ದ ೭ ಲಕ್ಷ ರೂಪಾಯಿ ಪೇಷ್ಕಷನ್ನು ಸುಮಾರು ೧ ಕೋಟಿ ೧೬ ಲಕ್ಷಕ್ಕೆ ಶಾಶ್ವತವಾಗಿ ಬಿಟ್ಟುಕೊಟ್ಟನು. ಆದರೂ ಬಾಕಿ ಬೆಳೆಯುತ್ತಲೇ ಹೋಯಿತು. ೧೮೫೩ರ ಮೇ ೨೧ರ ಒಪ್ಪಂದದಂತೆ ಬೇರಾರ್, ಧಾರಾಶಿವ ಸೀಮೆ ಮತ್ತು ರಾಯಚೂರು ದೋಆಬ್ ಕಂಟಿಂಜೆಂಟಿನ ವೆಚ್ಚಕ್ಕಾಗಿ ಕಂಪನಿಯ ಆಡಳಿತಕ್ಕೆ ಒಳಪಟ್ಟವು. ಕೃಷ್ಣಾ–ತುಂಗಭದ್ರೆಗಳ ನಡುವಣ ಕನ್ನಡ ನೆಲ ಎರಡನೆಯ ಬಾರಿ ಸೈನ್ಯದ ಲೆಕ್ಕಪುಸ್ತಕವನ್ನು ಸೇರಿತು.

ಈ ದಂಡು ಯಾರ ವಿರುದ್ಧ ಬಳಕೆಯಾಯಿತು ಎಂಬುದಕ್ಕೆ ಸುರಪುರದ ಪ್ರಸಂಗ ಸಾಕ್ಷಿ. ೧೮೫೮ರಲ್ಲಿ ರಾಜಾ ವೆಂಕಟಪ್ಪ ನಾಯಕನು ಬಂಡೆದ್ದಾಗ ಲಿಂಗಸುಗೂರಿನ ಕಂಟಿಂಜೆಂಟ್ ಪಡೆಯೂ ಕಂಪನಿಯ ಇತರ ಪಡೆಗಳೂ ಸುರಪುರವನ್ನು ಮುತ್ತಿದವು. ಹೈದರಾಬಾದಿಗೆ ಹೋದ ರಾಜನು ಅಲ್ಲಿ ಸೆರೆಯಾದನು. ಅದೇ ವರ್ಷ ಮಡಿದನು. ಹೊರಗಿನ ಶತ್ರುವಿಗಾಗಿ ಬಂದ ಸೇನೆ ಒಳಗಿನ ಪ್ರಜೆಯ ಮೇಲೆ ತಿರುಗಿತು. ೧೮೬೦ರ ಒಪ್ಪಂದದಲ್ಲಿ ರಾಯಚೂರು ದೋಆಬ್ ಮತ್ತು ಧಾರಾಶಿವ ಹಿಂದಕ್ಕೆ ಬಂದವು, ೫೦ ಲಕ್ಷ ರೂಪಾಯಿ ಸಾಲ ಮನ್ನಾ ಆಯಿತು, ಸುರಪುರವೂ ನಿಜಾಮನಿಗೆ ದೊರೆಯಿತು. ಬೇರಾರ್ ಮಾತ್ರ ಮರಳಲಿಲ್ಲ.

೫

ಅಮಾತ್ಯ ಮತ್ತು ಸ್ವಾಮಿ ಎಂಬ ಅಂಗಗಳ ವಿಷಯದಲ್ಲಿ ಬದಲಾವಣೆ ನಿಧಾನವಾಗಿ, ಆದರೆ ಆಳವಾಗಿ ನಡೆಯಿತು. ೧೮೦೦ರ ಒಪ್ಪಂದವು ನಿಜಾಮನ ಮಕ್ಕಳು, ಬಂಧುಗಳು, ಪ್ರಜೆಗಳ ವಿಷಯದಲ್ಲಿ ಕಂಪನಿ ಕೈಹಾಕುವುದಿಲ್ಲವೆಂದು ಹೇಳಿತ್ತು. ಅದೇ ಒಪ್ಪಂದ ಕಂಪನಿಗೆ ತಿಳಿಸದೆ ಅನ್ಯರಾಜ್ಯಗಳೊಡನೆ ಮಾತುಕತೆ ನಡೆಸಕೂಡದೆಂದೂ ವಿಧಿಸಿತ್ತು. ಸಂಧಿವಿಗ್ರಹಿಯ ಕೆಲಸವೇ ಇಲ್ಲವಾದ ಆಸ್ಥಾನದಲ್ಲಿ ದಿವಾನನ ನೇಮಕದ ಮೇಲೂ ರೆಸಿಡೆನ್ಸಿಯ ಪ್ರಭಾವ ಬೀಳತೊಡಗಿತು. ೧೮೦೪ರಲ್ಲಿ ಮೀರ್ ಆಲಂ ದಿವಾನನಾದುದು ಇದಕ್ಕೆ ಆರಂಭದ ಉದಾಹರಣೆ.

ಕಂಪನಿಯ ಕಡೆಯಿಂದ ನೋಡಿದರೆ ಈ ಮೈತ್ರಿ ಅತ್ಯಂತ ಫಲಕಾರಿಯಾಗಿತ್ತು ಎಂಬುದರಲ್ಲಿ ಸಂದೇಹವಿಲ್ಲ. ೧೮೫೭ರ ಜುಲೈ ೧೭ರಂದು ತುರೇಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನರ ನಾಯಕತ್ವದಲ್ಲಿ ರೆಸಿಡೆನ್ಸಿಯ ಮೇಲೆ ದಾಳಿ ನಡೆದಾಗ ದಿವಾನ ಸಾಲಾರ್ ಜಂಗ್ ಕಂಪನಿಯ ಪಕ್ಷದಲ್ಲಿ ನಿಂತನು. ದಖ್ಖನ್ ಬಂಡಾಯದ ಕೇಂದ್ರವಾಗಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಹೈದರಾಬಾದಿನ ಅಶ್ವದಳವು ಮೈಸೂರು, ಜೋಧಪುರಗಳ ದಳಗಳೊಡನೆ ಪಶ್ಚಿಮ ಏಷ್ಯಾದಲ್ಲಿ ಸೇವೆ ಸಲ್ಲಿಸಿತು. ಮೀರ್ ಉಸ್ಮಾನ್ ಅಲಿ ಖಾನನಿಗೆ ೧೯೧೮ರಲ್ಲಿ ‘ಯಾರ್-ಎ-ವಫಾದಾರ್’, ಎಂದರೆ ‘ನಿಷ್ಠಾವಂತ ಮಿತ್ರ’, ಎಂಬ ಬಿರುದು ದೊರೆಯಿತು. ಆದರೆ ಅವನು ಬೇರಾರನ್ನು ಹಿಂದಕ್ಕೆ ಕೇಳಿದಾಗ ವೈಸರಾಯ್ ರೀಡಿಂಗ್ ೧೯೨೬ರ ಮಾರ್ಚಿ ೨೭ರಂದು ಬರೆದ ಪತ್ರದಲ್ಲಿ ಬ್ರಿಟಿಷ್ ಪ್ರಭುತ್ವದ ಪಾರಮ್ಯವು ಕೇವಲ ಒಪ್ಪಂದಗಳನ್ನು ಅವಲಂಬಿಸಿಲ್ಲವೆಂದೂ ಯಾವ ಸಂಸ್ಥಾನಿಕನೂ ಸಮಾನನಾಗಿ ವಾದಿಸುವಂತಿಲ್ಲವೆಂದೂ ಸ್ಪಷ್ಟಪಡಿಸಿದನು. ಮಿತ್ರನೆಂಬ ಬಿರುದಿಗೂ ಈ ಪತ್ರಕ್ಕೂ ನಡುವಣ ಅಂತರ ಎಂಟು ವರ್ಷ.

ಇಲ್ಲಿ ಒಂದು ಪ್ರತಿವಾದವನ್ನು ಪರಿಗಣಿಸಬೇಕು. ಟಿಪ್ಪುವಿನ ಪ್ರಭುತ್ವ, ಪೇಶ್ವೆಯ ಪ್ರಭುತ್ವ ಎರಡೂ ಅಳಿದವು. ನಿಜಾಮನ ರಾಜ್ಯ ಒಂದೂವರೆ ಶತಮಾನ ಉಳಿಯಿತು. ಆದುದರಿಂದ ಮೈತ್ರಿ ಫಲಿಸಿತು ಎಂಬುದು ಆ ವಾದ. ಇದರಲ್ಲಿ ಸತ್ಯಾಂಶವಿದೆ. ಖರ್ಡಾದಂಥ ಸೋಲು ಮತ್ತೆ ಬರಲಿಲ್ಲ. ಸಾಲಾರ್ ಜಂಗನ ಸುಧಾರಣೆಗಳಿಗೂ ೧೯೧೮ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಸ್ಥಾಪನೆಗೂ ಈ ಶಾಂತಿ ಅವಕಾಶವಿತ್ತಿತು. ಆದರೆ ಉಳಿದುದು ಏನು ಎಂದು ವಿಂಗಡಿಸಿ ನೋಡಬೇಕು. ಸಿಂಹಾಸನ ಉಳಿಯಿತು, ಜನಪದ, ಕೋಶ, ದಂಡಗಳು ಕ್ಷೀಣಿಸಿದವು. ಪ್ರಜೆಯ ಅಸಮಾಧಾನಕ್ಕೆ ಉತ್ತರ ಕೊಡುವ ಅಗತ್ಯವೂ ಅರಸನಿಗೆ ಉಳಿಯಲಿಲ್ಲ. ಅವನ ಸಿಂಹಾಸನಕ್ಕೆ ಆಧಾರ ಪ್ರಜೆಗಳಲ್ಲ, ದಂಡು ಪ್ರದೇಶ. ೧೯೪೭ರಲ್ಲಿ ಬ್ರಿಟಿಷರು ಹೊರಟಾಗ ಈ ಆಧಾರ ಕಳಚಿತು. ಮಿತ್ರನು ಸಹಾಯಕ್ಕೆ ಬರಲಿಲ್ಲ. ಸ್ವತಂತ್ರವಾಗಿ ನಿಲ್ಲಬಲ್ಲ ಸೇನೆಯೂ ಇರಲಿಲ್ಲ. ಪ್ರಜೆಗಳ ಒಪ್ಪಿಗೆಯಂತೂ ಇರಲೇ ಇಲ್ಲ. ರಜಾಕಾರರ ಹಾವಳಿಗೆ ತುತ್ತಾದ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಕನ್ನಡಿಗರು ರಾಜ್ಯದ ಗಡಿಯಾಚೆ ಮುಂಡರಗಿಯಂಥ ಊರುಗಳಲ್ಲಿ ಶಿಬಿರಗಳನ್ನು ಕಟ್ಟಿ ಹೋರಾಡಿದರು. ೧೯೪೮ರ ಸೆಪ್ಟೆಂಬರ್ ೧೩ರಂದು ಆರಂಭವಾದ ಕಾರ್ಯಾಚರಣೆ ೧೭ಕ್ಕೆ ಮುಗಿಯಿತು. ಒಂದೂವರೆ ಶತಮಾನದ ಸೇನಾ ಮೈತ್ರಿಯ ಕೊನೆಯ ಪರೀಕ್ಷೆಯ ಅವಧಿ ಐದು ದಿನ.

೬

ಈ ವಿವೇಚನೆಯಿಂದ ಸೇನಾ ಸಹಕಾರವನ್ನು ಅಳೆಯಲು ನಾಲ್ಕು ಪ್ರಶ್ನೆಗಳನ್ನು ರೂಪಿಸಿಕೊಳ್ಳಬಹುದು. ಮೊದಲನೆಯದು, ವೆಚ್ಚವನ್ನು ಯಾರು ಭರಿಸುತ್ತಾರೆ, ಯಾವ ಜನರ ಮೇಲೆ ಅದು ಬೀಳುತ್ತದೆ? ಎರಡನೆಯದು, ಒಟ್ಟುಗೂಡಿದ ಬಲ ಯಾರ ಆಜ್ಞೆಯಲ್ಲಿರುತ್ತದೆ? ಮೂರನೆಯದು, ಅಪಾಯ ಕಳೆದ ಮೇಲೆ ಏರ್ಪಾಟನ್ನು ಮರುಪರಿಶೀಲಿಸಲು ದಾರಿಯಿದೆಯೇ? ನಾಲ್ಕನೆಯದು, ಸಹಾಯ ನಿಂತ ದಿನ ಸಹಾಯ ಪಡೆದವನು ತನ್ನ ಕಾಲ ಮೇಲೆ ನಿಲ್ಲಬಲ್ಲನೇ? ಹೈದರಾಬಾದಿನ ಮೈತ್ರಿ ರಣರಂಗದಲ್ಲಿ ಗೆದ್ದು ಈ ನಾಲ್ಕರಲ್ಲಿಯೂ ಸೋತಿತು.

ಈ ಪ್ರಶ್ನೆಗಳು ಸಹಾಯ ಪಡೆಯುವವರಿಗೆ ಮಾತ್ರವಲ್ಲ, ಕೊಡುವವರಿಗೂ ಅನ್ವಯಿಸುತ್ತವೆ. ಇಂದು ಭಾರತವೇ ಚಿಕ್ಕ ನೆರೆರಾಷ್ಟ್ರಗಳಿಗೆ ದೊಡ್ಡ ಮಿತ್ರನ ಸ್ಥಾನದಲ್ಲಿದೆ. ೧೯೮೮ರ ನವೆಂಬರಿನಲ್ಲಿ ಮಾಲ್ಡೀವ್ಸ್ ಅಧ್ಯಕ್ಷರ ಕೋರಿಕೆಯಂತೆ ಭಾರತೀಯ ಪಡೆ ಅಲ್ಲಿಗಿಳಿದು ದಂಗೆಯನ್ನು ಅಡಗಿಸಿತು. ಕೆಲಸ ಮುಗಿದ ಮೇಲೆ ಅದರ ಬಹುಭಾಗ ಹಿಂತಿರುಗಿತು. ಎರಡೂ ದೇಶಗಳ ‘ಏಕುವೇರಿನ್’ ಜಂಟಿ ಕವಾಯತು ೨೦೦೯ರಲ್ಲಿ ಮೊದಲು ನಡೆದದ್ದು ಕನ್ನಡ ನಾಡಿನ ಬೆಳಗಾವಿಯಲ್ಲಿ. ಇಷ್ಟಾದರೂ ಅಲ್ಲಿನ ರಾಜಕೀಯ ಬದಲಾದಾಗ, ವಿಮಾನ ಮತ್ತು ಹೆಲಿಕಾಪ್ಟರುಗಳನ್ನು ನೋಡಿಕೊಳ್ಳುತ್ತಿದ್ದ ನೂರಕ್ಕೂ ಕಡಿಮೆ ಸಂಖ್ಯೆಯ ಭಾರತೀಯ ಯೋಧರು ೨೦೨೪ರ ಮೇ ೧೦ರೊಳಗೆ ದೇಶ ಬಿಡಬೇಕಾಯಿತು. ಅವರ ಸ್ಥಾನಕ್ಕೆ ಸೇನೆಗೆ ಸೇರದ ತಂತ್ರಜ್ಞರು ಹೋದರು. ಹೊರಗಿನ ಸೈನಿಕನ ಇರವು, ಅವನು ಎಷ್ಟೇ ಉಪಕಾರಿಯಾಗಿರಲಿ, ಆ ನಾಡಿನವರಲ್ಲಿ ಸ್ವಾತಂತ್ರ್ಯದ ಪ್ರಶ್ನೆಯನ್ನು ಎಬ್ಬಿಸುತ್ತದೆ. ಹೋಗೆಂದಾಗ ಹೋಗುವುದು ದುರ್ಬಲ ಮೈತ್ರಿಯ ಲಕ್ಷಣವೆಂದು ತೋರಬಹುದು. ಹೈದರಾಬಾದಿನಲ್ಲಿ ಹಾಗೆ ಹೇಳುವ ಹಕ್ಕೇ ನಿಜಾಮನಿಗೆ ಉಳಿದಿರಲಿಲ್ಲ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಕುಷಾಯಿಗೂಡದ ನೆರೆಯಲ್ಲೇ ೧೯೬೭ರಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಸ್ಥಾಪನೆಯಾಯಿತು. ಪರಮಾಣು ಶಕ್ತಿ ಇಲಾಖೆಗೆ ಸೇರಿದ ಈ ಸಂಸ್ಥೆಯನ್ನು ಕಟ್ಟಿದ ಎ. ಎಸ್. ರಾವ್ ಅವರ ಹೆಸರನ್ನು ಪಕ್ಕದ ಬಡಾವಣೆಯೊಂದು ಹೊತ್ತಿದೆ. ಉನ್ನತ ಮಟ್ಟದ ಎಲೆಕ್ಟ್ರಾನಿಕ್ ಉಪಕರಣಗಳಿಗಾಗಿ ಪರರನ್ನು ನೆಚ್ಚಬಾರದು, ಅವನ್ನು ದೇಶದಲ್ಲೇ ತಯಾರಿಸಬೇಕು ಎಂಬುದು ಅದರ ಸ್ಥಾಪನೆಯ ಹಿಂದಿನ ಆಶಯ. ದಂಡವೆಂಬ ಅಂಗವನ್ನು ಬಾಡಿಗೆಗೆ ಪಡೆದ ರಾಜ್ಯದ ದಂಡು ಪ್ರದೇಶಗಳು ಒಂದು ದಿಕ್ಕಿನಲ್ಲಿ, ಸ್ವಂತ ಸಾಮರ್ಥ್ಯದ ಈ ಕಾರ್ಖಾನೆ ಇನ್ನೊಂದು ದಿಕ್ಕಿನಲ್ಲಿ ಇರುವುದು ಈ ಪ್ರದೇಶದ ಚರಿತ್ರೆಯ ವಿಶೇಷ. ಸ್ವಾವಲಂಬನೆಯು ಮೈತ್ರಿಗೆ ವಿರೋಧಿಯಲ್ಲ. ಆರು ಅಂಗಗಳು ಗಟ್ಟಿಯಾಗಿರುವ ರಾಜ್ಯಕ್ಕೆ ಮಾತ್ರ ಏಳನೆಯದು ಅಂಗವಾಗಬಲ್ಲದು. ಇಲ್ಲದಿದ್ದರೆ ಅದೇ ಒಡೆಯನಾಗುತ್ತದೆ. ಹೈದರಾಬಾದಿನ ಚರಿತ್ರೆಯನ್ನು ಕನ್ನಡ, ತೆಲುಗು, ಮರಾಠಿ, ಉರ್ದು ಆಕರಗಳಿಂದ ಒಟ್ಟಿಗೆ ಅಧ್ಯಯನ ಮಾಡುವ ಅಗತ್ಯ ಇನ್ನೂ ಇದೆ. ತುಂಗಭದ್ರೆಯ ಎರಡು ದಡಗಳ ಗ್ರಾಮದಾಖಲೆಗಳನ್ನು ಜೋಡಿಸಿ ಓದಿದರೆ, ಒಪ್ಪಂದಗಳ ಕಲಮುಗಳು ಬಿಟ್ಟುಬಿಟ್ಟ ಜನಪದದ ಪಾಲು ಈ ಲೆಕ್ಕದಲ್ಲಿ ಸೇರಿಕೊಂಡೀತು.